ಬಚ್ಚಲ ಹಿಂದಿನ ಬಜೆ

‘ಡಿಗ್ರೀನೂ ಆಗಕಿಲ್ಲ, ಬಜೇನೂ ಬೆಳ್ಯಕಿಲ್ಲ, ಬುಡು’ ಅಂದಿದ್ದು ನಮ್ಮ ದೊಡ್ಡಪ್ಪ.

ಆಗ ನಾನು ಮಧುಗಿರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಜೌಗಿನಲ್ಲಿ ಬೆಳೆಯುವ ನಮ್ಮ ಕಡೆಯ ಗಿಡವೊಂದನ್ನು ಮನೆಯಲ್ಲಿ ಬೆಳೆಸಿ, ಬೇಸಿಗೆಯಲ್ಲಿ ಜೀವಂತ ತಂದು ತೋರಿಸಬೇಕು. ಅದೇ ನನ್ನ ಪ್ರಾಜೆಕ್ಟು. ಅದು ಹೋದರೆ ಡಿಗ್ರಿಯೂ ಹೋದಂತೆ. ನಾನು ಆರಿಸಿಕೊಂಡದ್ದು ಬಜೆ, ಕೂಸುಗಳ ನಾಲಿಗೆಗೆ ತೇಯ್ದು ಸವರುವ ಬೇರು. ನಮ್ಮೂರೋ ಐ.ಡಿ.ಹಳ್ಳಿ ಕಡೆಯದು, ಮಳೆ ನಂಬಿ ಕಡ್ಲೆಕಾಯಿ ಬಿತ್ತುವ ಊರು.

ಕೊರಟಗೆರೆ ಕಡೆಯ ಗದ್ದೆಯೊಂದರಿಂದ ಗೆಡ್ಡೆಗಳನ್ನು ಹಸಿ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಬಚ್ಚಲ ಹಿಂದೆ ಪಾತಿ ತೋಡಿ, ಕೆರೆಯ ಗೋಡುಮಣ್ಣು ಮೆತ್ತಿ, ಸುತ್ತ ಬದು ಕಟ್ಟಿ, ಗೆಡ್ಡೆಗಳನ್ನು ಕೆಸರಿನಲ್ಲಿ ಅರ್ಧ ಹೂತೆ. ದನದ ತೊಟ್ಟಿ ತೊಳೆದ ನೀರು ಅಲ್ಲಿಗೇ ಬರುವಂತೆ ಮಾಡಿದೆ. ಸಂಕ್ರಾಂತಿ ಹೊತ್ತಿಗೆ ಕತ್ತಿಯಂಥ ಎಲೆಗಳು ಮೊಣಕಾಲೆತ್ತರ ಬಂದವು. ಮೇಕೆ ಮೂಸಿ ನೋಡಿ ಹೋಗುತ್ತಿತ್ತು, ತಿನ್ನುತ್ತಿರಲಿಲ್ಲ.

ಆಮೇಲೊಂದು ಶನಿವಾರ ಹಾಸ್ಟೆಲಿನಿಂದ ಬಂದರೆ ಪಾತಿ ಬಿರುಕು ಬಿಟ್ಟಿತ್ತು. ಎಲೆಗಳೆಲ್ಲ ಹಳದಿ. ಬದುವನ್ನು ಯಾರೋ ಗುದ್ದಲಿಯಲ್ಲಿ ಕಡಿದಿದ್ದರು.

‘ಯಾರಪ್ಪ ಬದು ಒಡ್ದಿದ್ದು?’

‘ನಾನೇ ಕಣಮ್ಮ. ನೀರು ನಿಂತ್ಕಂಡು ಬೇರು ಕೊಳ್ತೋಯ್ತದೆ ಅಂತ ಬಸ್ದುಬುಟ್ಟೆ.’

‘ಅದು ನೀರಾಗೇ ಇರ್ಬೇಕು ಕಣಪ್ಪ!’

‘ನೀರಾಗೇ ಇರಕ್ಕೆ ಅದೇನು ಎಮ್ಮೇನಾ?’

ಅಪ್ಪನನ್ನು ಬೈದು ಪ್ರಯೋಜನವಿರಲಿಲ್ಲ. ಕಡ್ಲೆಕಾಯಿ ಹೊಲದಲ್ಲಿ ನೀರು ನಿಂತರೆ ಅವನಿಗೆ ನಿದ್ದೆ ಬಾರದು. ಅದೇ ಕೈ ನನ್ನ ಪಾತಿಯನ್ನೂ ಕಾಪಾಡಲು ಹೋಗಿತ್ತು. ಒಂದು ಗೆಡ್ಡೆಯನ್ನು ಉಗುರಿನಿಂದ ಕೆರೆದು ನೋಡಿದೆ. ಒಳಗೆ ಇನ್ನೂ ಹಸಿಯಿತ್ತು. ಅಪ್ಪನಿಗೂ ತೋರಿಸಿದೆ. ಅವನು ಗುದ್ದಲಿ ತಂದು ಮತ್ತೆ ಬದು ಕಟ್ಟಿದ. ಅಂದಿನಿಂದ ಬೋರಿನ ನೀರು ಬಂದಾಗೆಲ್ಲ ಅಪ್ಪ ಹೊತ್ತ ಮೊದಲ ಕೊಡ ಬಜೆಗೆ.

‘ನಿಮ್ ಎಮ್ಮೆಗೆ ನೀರಾಯ್ತಾ?’ ಎಂದು ಅಮ್ಮ ಅಣಕಿಸುತ್ತಿದ್ದಳು.

ಯುಗಾದಿ ಕಳೆದ ಮೇಲೆ ಹೊಸ ಸುಳಿ ಬಂತು. ಪರೀಕ್ಷೆಯ ದಿನ ಕೆಸರಿನ ಸಮೇತ ಗಿಡವನ್ನು ಬಕೆಟಿನಲ್ಲಿ ಒಯ್ದೆ. ಮೇಷ್ಟ್ರು ಎಲೆ ಮುರಿದು ಮೂಸಿದರು. ‘ಬದುಕಿದೆಯಲ್ಲಮ್ಮ’ ಎಂದರು. ಪ್ರಾಜೆಕ್ಟು ಪಾಸಾಯಿತು, ಉಳಿದ ವಿಷಯಗಳೂ ಪಾಸಾದವು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸರ್ಟಿಫಿಕೇಟು ತರಲು ಅಪ್ಪನೂ ಜೊತೆಗೆ ಬಂದ. ಆಫೀಸಿನ ಕಿಟಕಿಯಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟರು. ನಾನು ಅದನ್ನು ಅಪ್ಪನ ಕೈಗಿಟ್ಟೆ. ಓದಲು ಬಾರದ ಅಪ್ಪ ಮೇಲಿಂದ ಕೆಳಗೆ ನೋಡಿದ.

‘ಬಜೆ ಬೆಳ್ದಿದ್ದು ಎಲ್ ಬರ್ದವ್ರೆ?’

‘ಬರ್ದಿಲ್ಲಪ್ಪ.’

‘ಬರೀಬೇಕಿತ್ತು ಕಣಮ್ಮ. ನೀರು ಹೊತ್ತೋನು ನಾನು.’