ಎದುರಾಳಿ ಬಸ್ಸಿನಲ್ಲಿ ಅಪ್ಪ

ನಮ್ಮ ಬೀದಿಯಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುವ ದರ್ಜಿಗೆ ಅರ್ಧಿಂಚಪ್ಪ ಎಂದು ಹೆಸರು. ಎರಡು ಇಂಚು ತೆಗೆಯಿರಿ ಎಂದು ಕೊಟ್ಟರೂ ಮೊದಲು ಅರ್ಧ ಇಂಚು ಮಡಿಚಿ, ಪಿನ್ನು ಚುಚ್ಚಿ, ಕನ್ನಡಿಯ ಮುಂದೆ ನಿಲ್ಲಿಸಿ, "ಸಾಕಾ ನೋಡಿ" ಎನ್ನುತ್ತಾನೆ. ಸಾಲದು ಎಂದರೆ ಇನ್ನರ್ಧ. ತನ್ನ ಮದುವೆಯ ಸೂಟು ಸರಿಮಾಡಿಸಲು ಬಂದವನೊಬ್ಬ ಕೊನೆಗೆ ಅದನ್ನು ಮಗನ ಮದುವೆಗೆ ತೊಟ್ಟ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ಅದು ಸುಳ್ಳಲ್ಲ. ಸ್ವಲ್ಪ ಉದ್ದ ಬಿಟ್ಟು ಹೊಲಿದ ನಿಜ.

ನನ್ನದು ಪಕ್ಕದ ಅಂಗಡಿ. ಕೊಡೆ, ಚೀಲ, ಜಿಪ್ಪು ರಿಪೇರಿ. ನಮ್ಮಿಬ್ಬರ ನಡುವೆ ಇರುವುದು ಒಂದೇ ಒಂದು ಹಲಗೆಯ ಗೋಡೆ. ಆ ಕಡೆ ಸೂಜಿ ಬಿದ್ದರೆ ಈ ಕಡೆ ನಾನು ಬಗ್ಗಿ ಹುಡುಕುತ್ತೇನೆ. ಆದ್ದರಿಂದ ಅವನ ಮನೆಯ ಮಾತು ನನಗೆ ಕೇಳಿಸಿತು ಎಂದರೆ ಅದರಲ್ಲಿ ನನ್ನ ತಪ್ಪೇನಿಲ್ಲ, ಮರಗೆಲಸದವನದು.

ಅವನಿಗೆ ಒಬ್ಬಳೇ ಮಗಳು. ತಾಯಿ ಬೇಗ ತೀರಿಹೋದದ್ದರಿಂದ ಹುಡುಗಿ ಹೊಲಿಗೆ ಯಂತ್ರದ ಕಾಲಡಿಯಲ್ಲೇ ಬೆಳೆದಳು. ಬೆಳೆದದ್ದೂ ಹೇಗೆ? ಅಂಗಡಿ ಹಿಂದಿನ ಕೋಣೆಯ ಬಾಗಿಲಿನ ಚೌಕಟ್ಟನ್ನು ಎರಡು ಸಲ ಎತ್ತರಿಸಬೇಕಾಯಿತು. ಮೂರನೆಯ ಸಲ ಕೇಳಲು ಹೋದಾಗ ಮಾಲೀಕರು, "ಹುಡುಗೀನೇ ಅರ್ಧ ಇಂಚು ಕಮ್ಮಿ ಮಾಡ್ಕೊಳಪ್ಪಾ, ನಿನ್ ಕಸುಬೇ ಅಲ್ವಾ" ಎಂದರಂತೆ. ಅಷ್ಟು ಎತ್ತರದ ಹುಡುಗಿಯನ್ನು ಶಾಲೆಯವರು ಗೋಲಿನ ಕಂಬಗಳ ನಡುವೆ ನಿಲ್ಲಿಸಿದರು. ಆಗ ಅರ್ಧಿಂಚಪ್ಪನಿಗೆ ಭಾನುವಾರವೂ ಅಂಗಡಿ ಇತ್ತು. ಅವಳು ಆಡಿದ್ದನ್ನು ಅವನು ನೋಡಲಿಲ್ಲ. ಅವನು ಭಾನುವಾರ ಬಾಗಿಲು ಹಾಕಲು ಕಲಿಯುವ ಹೊತ್ತಿಗೆ ಅವಳು ದೇಶದ ಅತಿ ದೊಡ್ಡ ಮಹಿಳಾ ಫುಟ್‌ಬಾಲ್ ಲೀಗಿನ ತಂಡವೊಂದಕ್ಕೆ ಸೇರಿಬಿಟ್ಟಿದ್ದಳು. ಎರಡನೆಯ ಗೋಲ್‌ಕೀಪರ್ ಆಗಿ.

ಎರಡನೆಯ ಗೋಲ್‌ಕೀಪರ್ ಎಂದರೆ ಅರ್ಧ ಆಡುವವಳಲ್ಲ. ಮೊದಲನೆಯವಳು ಬಿದ್ದರೆ ಇವಳು ಏಳಬೇಕು, ಇಲ್ಲದಿದ್ದರೆ ಕೂತಿರಬೇಕು. ಮೊದಲನೆಯವಳನ್ನು ಎಲ್ಲರೂ ಕೋಟೆ ಎನ್ನುತ್ತಿದ್ದರು. ಕೋಟೆಗೆ ಒಂದು ನೆಗಡಿ ಕೂಡ ಆಗುತ್ತಿರಲಿಲ್ಲ. ಒಮ್ಮೆ ಗೋಲಿನ ಕಂಬಕ್ಕೆ ತಲೆ ಹೊಡೆದುಕೊಂಡಳು. ಮರುದಿನ ಕಂಬವನ್ನು ಬದಲಾಯಿಸಿದರು. ಹೀಗೆ ಐದು ವರ್ಷ ಅರ್ಧಿಂಚಪ್ಪನ ಮಗಳು ಬೆಂಚಿನ ಮೇಲೆ ಕೂತಳು.

ಆ ಐದು ವರ್ಷವೂ ಅಪ್ಪ ಅವಳು ಕೂತಿರುವುದನ್ನು ನೋಡಲು ದೇಶವೆಲ್ಲ ಸುತ್ತಿದ. ಊರಿನ ಮೈದಾನದಲ್ಲಿ ನಡೆಯುವ ಪಂದ್ಯಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಬರೀ ಪರಊರಿನ ಪಂದ್ಯ. ಅದಕ್ಕೊಂದು ಕಾರಣವಿತ್ತು. ಈ ಲೀಗಿನಲ್ಲಿ ಆಟ ಮುಗಿದ ಮೇಲೆ ಆಟಗಾರ್ತಿಯರು ತಮ್ಮ ಅಭಿಮಾನಿಗಳು ಕೂತ ಕಡೆಯ ಕಂಬಿಯ ಹತ್ತಿರ ಬಂದು ಕೈ ಕುಲುಕಿ ಹೋಗುತ್ತಾರೆ. ಊರಿನಲ್ಲಾದರೆ ಕಂಬಿಗೆ ಜನ ಜೋತುಬಿದ್ದಿರುತ್ತಾರೆ, ಅಪ್ಪನ ಸರದಿ ಬರುವುದರೊಳಗೆ ಮಗಳು ಸ್ನಾನ ಮಾಡಿ ತಂಡದ ವಸತಿಗೆ ಹೊರಟಿರುತ್ತಾಳೆ. ಪರಊರಿಗೆ ಹಿಂಬಾಲಿಸಿ ಹೋಗುವವರು ಒಂದು ಸಣ್ಣ ಬಸ್ಸಿನಷ್ಟು. ಅಲ್ಲಿ ಅಪ್ಪನಿಗೆ ಪೂರಾ ಒಂದು ಮಾತುಕತೆ ಸಿಗುತ್ತಿತ್ತು.

"ಚಳಿ ಆಯ್ತಾ?"

"ಇಲ್ಲಪ್ಪ, ಕೋಟು ಇತ್ತು."

"ಊಟ?"

"ಈಗ ಮಾಡ್ತೀನಿ. ನೀನು?"

"ಬಸ್ಸಲ್ಲಿ ಮಾಡ್ತೀನಿ."

ಇಷ್ಟಕ್ಕೆ ಅವನು ಬೆಳಗಿನ ಜಾವ ಎದ್ದು, ಇಡೀ ದಿನ ಬಸ್ಸಿನಲ್ಲಿ ಕುಲುಕಿ, ಮೊಣಕಾಲು ನೆಟ್ಟಗೆ ಮಾಡಲಾಗದೆ ಇಳಿದು ಬರುತ್ತಿದ್ದ. ಕಿಟಕಿ ಸೀಟಿನ ಆಸೆಗೆ ನಾನೂ ಎಷ್ಟೋ ಸಲ ಹೋಗಿದ್ದೇನೆ. ಬಸ್ಸಿನ ಯಜಮಾನಿಕೆ ಒಬ್ಬ ನಿವೃತ್ತ ನರ್ಸಮ್ಮನದು. ಡ್ರಮ್ಮು ಬಾರಿಸುವವರೂ ಅವರೇ. ಅವರ ಡ್ರಮ್ಮು ಕೇಳಿ ಸತ್ತ ರೋಗಿಗಳು ಎದ್ದು ಕೂತು ಮಾತ್ರೆ ಕೇಳಿದ್ದುಂಟು. ಆ ಗಲಾಟೆಯ ನಡುವೆ ಅರ್ಧಿಂಚಪ್ಪ ತಾನೇ ಹೊಲಿದ ತಂಡದ ಬ್ಯಾನರನ್ನು ಕಂಬಿಗೆ ಕಟ್ಟಿ, ಅದರ ಹಿಂದೆ ಕೂತು, ಆಟ ಮುಗಿಯುವವರೆಗೂ ಬೆಂಚಿನ ಕಡೆ ನೋಡುತ್ತಿದ್ದ. ಗೋಲಾದಾಗ ಎಲ್ಲರೂ ಎದ್ದರೆ ಅವನೂ ಎದ್ದು, ಬೆಂಚು ಚೆನ್ನಾಗಿ ಕಾಣುವಂತೆ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ.

ಈ ಸಲ ಸೀಸನ್ನಿನ ನಡುವೆ ತಂಡದವರು ಅವಳನ್ನು ಬಿಟ್ಟುಬಿಟ್ಟರು. ಹದಿನೆಂಟರ ಹೊಸ ಹುಡುಗಿ ಬಂದಿದ್ದಾಳೆ, ನಿನ್ನ ಸಹಾಯ ಮರೆಯುವುದಿಲ್ಲ ಎಂದು ಕೋಚ್ ಹೇಳಿದರಂತೆ. ಮಗಳು ಎರಡು ಚೀಲ ಹಿಡಿದುಕೊಂಡು ಬಂದು ಹಿಂದಿನ ಕೋಣೆಯಲ್ಲಿ ಇಳಿದಳು. ಒಂದು ಚೀಲದ ಜಿಪ್ಪು ಕಿತ್ತುಹೋಗಿತ್ತು. ನಾನೇ ಹಾಕಿಕೊಟ್ಟೆ. ಅವಳು ಥ್ಯಾಂಕ್ಸ್ ಅಂಕಲ್ ಎಂದಳು. ಅದಕ್ಕಿಂತ ಹೆಚ್ಚಿನ ಮಾತು ಆ ಎರಡು ಅಂಗಡಿಗಳಲ್ಲಿ ಆ ವಾರ ಆಡಿದ್ದಿಲ್ಲ.

ಅವರು ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹಲಗೆಯ ಆ ಕಡೆ ಇಸ್ತ್ರಿ ಪೆಟ್ಟಿಗೆ ಇಟ್ಟ ಸದ್ದು, ಯಂತ್ರ ಓಡಿದ ಸದ್ದು, ನಿಂತ ಸದ್ದು. ಅವಳು ಪ್ಯಾಂಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು, ಅವನು ಅಂಚು ಮಡಿಚುತ್ತಿದ್ದ. ಒಂದು ದಿನ ಗಿರಾಕಿಯೊಬ್ಬರು, "ಏನ್ರೀ, ನನ್ ಪ್ಯಾಂಟಿಗೆ ರಕ್ತ ಹತ್ತಿದೆ" ಎಂದರು. ಸೂಜಿ ಅವನ ಬೆರಳಿಗೆ ನಾಟಿತ್ತು. ಅವನು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದ, ಯಾರೋ ಮರೆತು ಬಿಟ್ಟುಹೋದ ಬೆರಳಿನ ಹಾಗೆ. ಆಮೇಲೆ ಆ ಅಂಚು ಬಿಚ್ಚಿ, ಒಗೆದು, ಮತ್ತೆ ಅರ್ಧ ಇಂಚಿನಿಂದ ಶುರು ಮಾಡಿದ.

ಭಾನುವಾರ ಬಸ್ಸು ಬಂದಾಗ ಅರ್ಧಿಂಚಪ್ಪ ಬ್ಯಾನರ್ ಮಡಿಚಿ ಹಿಡಿದುಕೊಂಡು ನಿಂತಿದ್ದ. ನರ್ಸಮ್ಮ ನನ್ನ ಮುಖ ನೋಡಿದರು, ನಾನು ಅವರ ಡ್ರಮ್ಮು ನೋಡಿದೆ. ಅವನು ಹತ್ತಿದ, ಕೂತ, ಇಳಿದ, ಬ್ಯಾನರ್ ಕಟ್ಟಿದ, ಬೆಂಚು ನೋಡಿದ. ಮಗಳ ಜಾಗದಲ್ಲಿ ಆ ಹದಿನೆಂಟರ ಹುಡುಗಿ ಉಗುರು ಕಚ್ಚುತ್ತ ಕೂತಿದ್ದಳು. ಅವನು ಅವಳನ್ನೇ ಕೊನೆಯವರೆಗೆ ನೋಡಿದ. ಆಟ ಮುಗಿದ ಮೇಲೆ ಕಂಬಿಯ ಹತ್ತಿರ ಹೋಗಿ ನಿಂತ. ಆ ಹುಡುಗಿ ಬಂದು ಕೈ ಕೊಟ್ಟಾಗ, "ಚಳಿ ಆಯ್ತಾ?" ಎಂದು ಕೇಳಿದ. ಅವಳು ಪಾಪ, ಹೂಂ ಎಂದಳು. ಅವನ ಮಗಳು ಯಾವತ್ತೂ ಹೂಂ ಎಂದವಳಲ್ಲ.

ನಾವು ವಾಪಸ್ಸು ಬಂದಾಗ ಮಗಳು ಇಸ್ತ್ರಿ ಮೇಜಿನ ಹತ್ತಿರ ಇದ್ದಳು. ಹಲಗೆಯ ಈ ಕಡೆಗೆ ಚೆನ್ನಾಗಿ ಕೇಳಿಸಿತು.

"ಎಷ್ಟಾಯ್ತಪ್ಪ?"

"ಏನು?"

"ಮ್ಯಾಚು. ಯಾರು ಗೆದ್ರು?"

"ಗೊತ್ತಿಲ್ಲ."

ಇಸ್ತ್ರಿ ಪೆಟ್ಟಿಗೆ ನಿಂತಿತು. "ಹೋಗಿ ಬಂದು ಗೊತ್ತಿಲ್ಲ ಅಂದ್ರೆ? ಅಪ್ಪ, ಐದು ವರ್ಷ ಏನ್ ನೋಡ್ತಿದ್ದೆ ನೀನು?"

"ನಿನ್ನ."

"ನಾನು ಕೂತಿರ್ತಿದ್ದೆ."

"ಹೂಂ. ಕೂತಿರೋದನ್ನ."

ಅವಳು ಹೇಳಿದಳು, "ನಾನು ಆಡೋದನ್ನ ನೀನು ನೋಡೇ ಇಲ್ಲ. ಇನ್ನು ನೋಡೋದೂ ಇಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಕಾಜಾ ಎಷ್ಟು, ಗುಂಡಿ ಎಷ್ಟು ಎಂದು ಎಣಿಸಿ ಹೇಳಿದ ಹಾಗಿತ್ತು. ಬಟ್ಟೆ ಸುಟ್ಟ ವಾಸನೆ ಬಂದಿತು. ಇಬ್ಬರಲ್ಲಿ ಒಬ್ಬರೂ ಅಯ್ಯೋ ಅನ್ನಲಿಲ್ಲ.

ಆಮೇಲೆ ಒಂದು ಫೋನು ಬಂದಿತು. ಅದೇ ಲೀಗಿನ ಕಟ್ಟಕಡೆಯ ತಂಡದಿಂದ. ಪೇಪರಿನ ಅಂಕಪಟ್ಟಿಯಲ್ಲಿ ಆ ತಂಡದ ಕೆಳಗೆ ಮುದ್ರಕರ ಹೆಸರು ಮಾತ್ರ ಇರುತ್ತಿತ್ತು. ಅವರ ಗೋಲ್‌ಕೀಪರಿಗೆ ಮಣಿಕಟ್ಟು ಮುರಿದಿತ್ತು. ಎರಡನೆಯವಳು ಯಾರೂ ಇರಲಿಲ್ಲ. ತಕ್ಷಣ ಬರಬೇಕು, ಬರುವ ಭಾನುವಾರವೇ ಆಡಬೇಕು. ಮಗಳು ಅದೇ ಎರಡು ಚೀಲ ಎತ್ತಿಕೊಂಡಳು. ಹೊರಡುವಾಗ ಬಾಗಿಲಿನಲ್ಲಿ ತಲೆ ಬಗ್ಗಿಸಿ, "ಈ ಸಲ ಕೂತಿರಲ್ಲ. ಬರ್ತೀಯಾ?" ಎಂದು ಕೇಳಿದಳು.

"ಬರ್ದೇ ಇರ್ತೀನಾ?"

"ಬೆಂಚು ನೋಡಬೇಡ."

"ಇಲ್ಲ."

ಆ ಭಾನುವಾರ ಕಟ್ಟಕಡೆಯ ತಂಡದ ಊರಿಗೆ ಆಡಲು ಬರುತ್ತಿದ್ದುದು ಬೇರೆ ಯಾರೂ ಅಲ್ಲ, ಅವಳನ್ನು ಬಿಟ್ಟ ಹಳೆಯ ತಂಡವೇ. ಹಾಗಾಗಿ ನಮ್ಮ ಬಸ್ಸೂ ಅಲ್ಲಿಗೇ ಹೊರಟಿತು. ಅರ್ಧಿಂಚಪ್ಪ ಎಂದಿನಂತೆ ಹತ್ತಿದ. ಮಗಳನ್ನು ನೋಡಲು ಹೋಗುವುದೆಂದರೆ ಅವನಿಗೆ ಈ ಬಸ್ಸು. ಬೇರೆ ದಾರಿ ಉಂಟೆಂದು ಅವನ ತಲೆಗೆ ಹೊಳೆದಿರಲಿಕ್ಕಿಲ್ಲ. ಆಚೆ ಕಡೆಯ ಗೇಟಿನಲ್ಲಿ ಮಗಳು ಅವನ ಹೆಸರಿಗೆ ಒಂದು ಟಿಕೆಟ್ ಇಟ್ಟಿದ್ದಳು, ಆತಿಥೇಯರ ಕಡೆ, ತನ್ನ ಗೋಲಿನ ಹಿಂದೆಯೇ. ಅದು ನಮಗೆ ಆಮೇಲೆ ತಿಳಿದದ್ದು. ಅವನ ಕಾಲು ಪರಊರಿನವರ ಗೇಟಿಗೆ ಹೋಯಿತು. ಅವನ ಕೈ ಬ್ಯಾನರ್ ಕಟ್ಟಿತು. ಗೆದ್ದು ಬಾ ಎಂದು ಮಗಳ ಎದುರಾಳಿಗಳಿಗೆ ಹೊಲಿದ ದೊಡ್ಡ ದೊಡ್ಡ ಅಕ್ಷರಗಳ ಹಿಂದೆ ಹೋಗಿ ಕೂತ.

ಅವನನ್ನು ಬಿಟ್ಟು ಬೇರೆಲ್ಲರಿಗೂ ಇದು ಏನೆಂದು ಹೊಳೆಯಿತು. ನರ್ಸಮ್ಮ ಡ್ರಮ್ಮಿನ ಕೋಲನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಮೊದಲರ್ಧ ಮಗಳು ಮೈದಾನದ ಆ ತುದಿಯ ಗೋಲಿನಲ್ಲಿದ್ದಳು. ಆಗಾಗ ಹಿಂದಕ್ಕೆ ತಿರುಗಿ ಒಂದು ಖಾಲಿ ಕುರ್ಚಿಯನ್ನು ನೋಡುತ್ತಿದ್ದಳು. ನಮಗೆ ಅದು ಅರ್ಥವಾಗಲಿಲ್ಲ. ಹಾಗೆ ತಿರುಗಿದ್ದಾಗಲೇ ಒಂದು ಗೋಲು ಹೋಯಿತು. ನಮ್ಮ ಬಸ್ಸಿನವರು ಅಭ್ಯಾಸದಿಂದ ಅರ್ಧ ಎದ್ದು, ಅವನನ್ನು ಕಂಡು, ಹಾಗೆಯೇ ಬಗ್ಗಿದ ಸೊಂಟದಲ್ಲಿ ನಿಂತುಬಿಟ್ಟರು. ಸ್ಟ್ಯಾಂಡಿಗೆ ಸ್ಟ್ಯಾಂಡೇ ಕಳೆದುಹೋದ ಗುಂಡಿ ಹುಡುಕುತ್ತಿರುವ ಹಾಗೆ. ಆಮೇಲೆ ಇನ್ನೊಂದು ಹೋಯಿತು. ಮತ್ತೊಂದು. ಗೆಲ್ಲುತ್ತಿರುವ ತಂಡದ ಅಭಿಮಾನಿಗಳು ಅಷ್ಟು ಸಪ್ಪೆಯಾಗಿ ಕೂತದ್ದನ್ನು ಯಾವ ಮೈದಾನವೂ ಕಂಡಿರಲಾರದು. ಗೋಲು ಹೊಡೆದ ಹುಡುಗಿ ನಮ್ಮ ಕಡೆ ಓಡಿ ಬಂದು, ಕೈ ಚಾಚಿ, ಯಾರೂ ಕೂಗದಿದ್ದುದನ್ನು ಕಂಡು, ಬಸ್ಸಿನವರಿಗೆ ಏನೋ ಅಪಘಾತವಾಗಿದೆ ಎಂದುಕೊಂಡು ಹೋದಳು.

ಅರ್ಧಿಂಚಪ್ಪ ಮಾತ್ರ ನೋಡುತ್ತಿದ್ದ. ಮುಖದ ಮೇಲೆ ಏನೂ ಇರಲಿಲ್ಲ. ಖುಷಿ ಇಲ್ಲ, ದುಃಖ ಇಲ್ಲ. ಇಸ್ತ್ರಿಯಾಗಿ ಮಡಿಚಿಟ್ಟ ಮುಖ. "ಏನ್ರೀ, ನೀರು ಕುಡೀತೀರಾ?" ಎಂದು ಕೇಳಿದೆ. ಬಾಟಲಿ ತೆಗೆದುಕೊಂಡು, ಮುಚ್ಚಳವನ್ನಷ್ಟೇ ಬಿಗಿ ಮಾಡಿ ವಾಪಸ್ಸು ಕೊಟ್ಟ.

ಅರ್ಧ ಆಟದ ನಂತರ ತಂಡಗಳು ಕಡೆ ಬದಲಿಸುತ್ತವೆ. ಈಗ ಮಗಳ ಗೋಲು ನಮ್ಮ ಮುಂದೆಯೇ ಬಂತು. ಅವಳು ಕೈಗವಸು ಬಿಗಿ ಮಾಡಿಕೊಳ್ಳುತ್ತ ಬಂದು, ಕಂಬಕ್ಕೆ ಒಂದು ಸಲ ಕೈ ಮುಟ್ಟಿಸಿ, ತಲೆ ಎತ್ತಿದಳು. ಬ್ಯಾನರ್ ಕಂಡಿತು. ಬ್ಯಾನರಿನ ಹಿಂದೆ ಅಪ್ಪ ಕಂಡ.

"ಅಪ್ಪ! ಅಲ್ಲೇನ್ ಮಾಡ್ತಿದ್ದೀಯ?"

"ಬಸ್ಸು ಇಲ್ಲೇ ಇಳಿಸ್ತು."

"ನಿಂಗೆ ಆ ಕಡೆ ಸೀಟ್ ಇಟ್ಟಿದ್ದೆ! ನೀನು ಬಂದೇ ಇಲ್ಲ ಅಂದ್ಕೊಂಡಿದ್ದೆ!"

"ಬಂದಿದ್ದೀನಲ್ಲ."

ನರ್ಸಮ್ಮ ಎದ್ದು ನಿಂತು ಕಿರುಚಿದರು, "ಮಾತು ಆಮೇಲೆ ಕಣೇ ಹುಡುಗಿ, ಚೆಂಡು ಬರ್ತಿದೆ!"

ಅವರ ಸ್ವಂತ ತಂಡದ ಹುಡುಗಿಯೇ ಚೆಂಡು ತರುತ್ತಿದ್ದಳು. ಎದುರಾಳಿ ಗೋಲ್‌ಕೀಪರಿಗೆ ಎಚ್ಚರಿಕೆ ಕೊಟ್ಟ ಡ್ರಮ್ಮಿನವರು ಎಂಬ ಹೆಸರು ಇವತ್ತಿಗೂ ಅವರ ಮೇಲಿದೆ. ಮಗಳು ತಿರುಗಿದಳು, ಎಡಕ್ಕೆ ಎರಡು ಹೆಜ್ಜೆ ಸರಿದಳು, ಆಮೇಲೆ ಇಡೀ ಉದ್ದವನ್ನು ಬಿಚ್ಚಿ ಅಡ್ಡ ಹಾರಿದಳು. ಆ ಹಾರಾಟ ಮುಗಿಯುವಷ್ಟರಲ್ಲಿ ನಾನೊಂದು ಕೊಡೆಗೆ ಕಡ್ಡಿ ಹಾಕಿ ಮುಗಿಸಬಹುದಿತ್ತು. ಚೆಂಡು ಅವಳ ಎರಡು ಅಂಗೈಗಳ ನಡುವೆ ಇತ್ತು. ನರ್ಸಮ್ಮನ ಡ್ರಮ್ಮಿನಿಂದ ಒಂದು ಏಟು ತಾನಾಗಿಯೇ ಬಿತ್ತು.

ಅದಾದ ಮೇಲೂ ಎರಡು ಗೋಲು ಹೋದವು. ಕಟ್ಟಕಡೆಯ ತಂಡ ಕಟ್ಟಕಡೆಯ ತಂಡವೇ. ಆದರೆ ಅವಳು ಇನ್ನು ಹಿಂದಕ್ಕೆ ತಿರುಗಿ ನೋಡಲಿಲ್ಲ.

ಸೀಟಿ ಊದಿದ ಮೇಲೆ ಹಳೆಯ ತಂಡದವರು ನಮ್ಮ ಕಂಬಿಗೆ ಬಂದು ಕೈ ಕುಲುಕಿದರು. ಕೋಟೆಯೂ ಬಂದಳು. ಅವಳು ಅರ್ಧಿಂಚಪ್ಪನ ಕೈ ಕುಲುಕಿ ಪಕ್ಕಕ್ಕೆ ಸರಿದಳು. ಅವಳ ಹಿಂದೆ, ತನ್ನವರನ್ನೆಲ್ಲ ಮೈದಾನದ ಆ ಕಡೆ ಬಿಟ್ಟು, ಮಗಳು ನಡೆದು ಬರುತ್ತಿದ್ದಳು. ಮೊಣಕೈಯಿಂದ ಮಂಡಿಯವರೆಗೆ ಕೆಸರು.

"ನೋಡಿದ್ಯಾ?"

"ನೋಡ್ದೆ."

"ಎಷ್ಟು ಬಿಟ್ಟೆ ಹೇಳು?"

"ನಾಲ್ಕು."

"ಐದಪ್ಪ."

"ಒಂದಕ್ಕೆ ಕಣ್ಣು ಮುಚ್ಕೊಂಡಿದ್ದೆ. ಹಿಡ್ದಿದ್ದು ನೋಡ್ದೆ" ಎಂದ.

ಮಗಳು ಕೈಗವಸು ಬಿಚ್ಚಿದಳು. ಮತ್ತೆ ಹಾಕಿಕೊಂಡಳು.

"ಮುಂದಿನ ಭಾನುವಾರ ನಮಗೆ ಇನ್ನೊಂದೂರಲ್ಲಿ ಮ್ಯಾಚು. ಈ ಬಸ್ಸು ಅಲ್ಲಿಗೆ ಬರಲ್ಲ" ಎಂದಳು.

"ನಿಮ್ಮ ಕಡೆ ಬಸ್ಸು ಇದ್ಯಾ?"

"ನಮ್ಮ ಹಿಂದೆ ಯಾರೂ ಬರಲ್ಲಪ್ಪ."

ಅರ್ಧಿಂಚಪ್ಪ ಬಗ್ಗಿ, ಕಂಬಿಯಿಂದ ಬ್ಯಾನರಿನ ಗಂಟು ಬಿಚ್ಚಿ, ಅದನ್ನು ಮಡಿಚಿ ನರ್ಸಮ್ಮನ ಕೈಗೆ ಕೊಟ್ಟ.

"ಹಾಗಿದ್ರೆ ಸೀಟ್ ಸಿಗತ್ತೆ" ಎಂದ.