ಸಂಗಮಕ್ಕೆ ಬಂದ ಅಡ್ಮಿರಲ್

ಶ್ರೀರಂಗಪಟ್ಟಣದಲ್ಲಿ ನನಗೊಬ್ಬ ಗೈಡ್ ಪರಿಚಯವಿದ್ದ. ಪ್ರವಾಸಿಗರು ಏನೇ ಕೇಳಲಿ, ಮೀಸೆ ತೀಡಿಕೊಂಡು, "ಇಲ್ಲ ಅನ್ನೋ ಮಾತೇ ಇಲ್ಲ ಸಾ" ಎನ್ನುತ್ತಿದ್ದ.

ಒಮ್ಮೆ ನಾನೂ ಅವನ ಜೊತೆಗಿದ್ದಾಗ ಇಂಗ್ಲೆಂಡಿನ ಮುದುಕರೊಬ್ಬರು ಬಂದರು. ಅವರ ಮುತ್ತಜ್ಜನ ಮುತ್ತಜ್ಜ ನೌಕಾಪಡೆಯ ಅಡ್ಮಿರಲ್ ಅಂತೆ. ಸುಲ್ತಾನನ ಕಾಲದಲ್ಲಿ ಫ್ರೆಂಚರ ಹಡಗುಗಳನ್ನು ಕಡಲ ತುಂಬ ಅಟ್ಟಾಡಿಸಿದವನಂತೆ. ಅವನು ಈ ಊರಿಗೆ ಬಂದಿದ್ದನೇ ಎಂದು ಕೇಳಿದರು.

ಮೊಣಕಾಲುದ್ದ ನೀರಿನ ಕಾವೇರಿಗೆ ಹಡಗೆಲ್ಲಿಂದ ಬರಬೇಕು? ನಮ್ಮವನು ಮೀಸೆ ತೀಡಿದ. ಸಾಲದ್ದಕ್ಕೆ ನಮ್ಮಿಬ್ಬರನ್ನೂ ಸಂಗಮಕ್ಕೆ ಕರೆದೊಯ್ದು, ಪುರೋಹಿತರನ್ನು ಹಿಡಿದು, ಮುದುಕರ ಕೈಯಲ್ಲಿ ಅಡ್ಮಿರಲ್ಲಿಗೆ ಪಿಂಡವನ್ನೂ ಇಡಿಸಿದ.

ಕಾಗೆ ಮಾತ್ರ ಹತ್ತಿರ ಸುಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ ಎಂದರು ಪುರೋಹಿತರು. ಅದನ್ನು ಕೇಳಿ ಮುದುಕರ ಮುಖ ಬಾಡಿತು.

"ಕಡಲ್ ಮೇಲಿದ್ದೋರು ಸಾ, ಬರೀ ಅನ್ನ ಎಲ್ಲುಂಡಾರು?" ಎಂದವನೇ, ಪುರೋಹಿತರು ಮೀಯಲು ನೀರಿಗಿಳಿದ ಹೊತ್ತು ನೋಡಿ, ಅಂಗಡಿಯಿಂದ ಹುರಿದ ಮೀನು ತಂದು ಪಿಂಡದ ಮೇಲಿಟ್ಟ. ಕಾಗೆಗಳು ಜಗಳವಾಡಿಕೊಂಡು ಎರಗಿದವು. ಮುದುಕರು ಟೋಪಿ ತೆಗೆದು ಕಣ್ಣೊರೆಸಿಕೊಂಡರು.

ಅವರನ್ನು ಬಸ್ಸು ಹತ್ತಿಸಿ ಬರುವಾಗ ಕೇಳಿದೆ: "ನಿಜ ಹೇಳಪ್ಪ, ಆ ಅಡ್ಮಿರಲ್ ಇಲ್ಲಿಗೆ ಬಂದಿದ್ದನಾ?"

"ಆಗ ಬಂದಿದ್ರೋ ಇಲ್ವೋ ನಾ ಕಾಣೆ ಸಾ. ಇವತ್ತಂತೂ ಬಂದು ಉಂಡ್ಕಂಡೋದ್ರಲ್ಲ!"