ಅಡಿಲೇಡಿನಲ್ಲಿ ಸಿಕ್ಕ ಪ್ಲಾಸ್ಟರ್ ಪಾದ

ಅಡಿಲೇಡಿನ ಹಳೆಯ ಚಿತ್ರಕಲಾ ಶಾಲೆ. ಊರು ಹೊಸತಾಗಿದ್ದಾಗಲೇ ಬ್ರಿಟಿಷರು ತೆರೆದದ್ದಂತೆ. ಮೊದಲ ವಿದ್ಯಾರ್ಥಿಗಳಿಗೆಂದು ಲಂಡನ್ನಿನಿಂದ ಹಡಗಿನಲ್ಲಿ ತರಿಸಿದ ಪ್ಲಾಸ್ಟರ್ ಮೂಗು, ಕಿವಿ, ಪಾದಗಳನ್ನು ಮೇಜಿನ ಮೇಲೆ ಪ್ರದರ್ಶನಕ್ಕಿಟ್ಟಿದ್ದರು. ಕಿಟಕಿಯಾಚೆ ನೀಲಗಿರಿ ಮರಗಳಿದ್ದರೂ ಆ ವಿದ್ಯಾರ್ಥಿಗಳು ವರ್ಷವಿಡೀ ಬರೆದದ್ದು ಇವನ್ನೇ.

ಮೈಸೂರಿನ ಚಿತ್ರಕಲಾ ಶಾಲೆಯಲ್ಲಿ ನಾನು ಬರೆದದ್ದೂ ಇದೇ ಪಾದ! ಮುರಿದ ಕಿರುಬೆರಳು ಕೂಡ ಹಾಗೇ ಇದೆ. ನಮ್ಮದನ್ನು ಯಾರೋ ಬೀಳಿಸಿದ್ದರೆಂದು ನಂಬಿದ್ದೆ; ಆದರೆ ಲಂಡನ್ನಿನ ಅಚ್ಚಿನಲ್ಲೇ ಹಾಗಿತ್ತು. ಆಯುಧಪೂಜೆಯ ದಿನ ನಾವು ಅದಕ್ಕೆ ಕುಂಕುಮವಿಟ್ಟು ನಮಸ್ಕರಿಸುತ್ತಿದ್ದೆವು. ಆ ಅಭ್ಯಾಸಬಲದಿಂದ ಕೈ ತಾನಾಗಿ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಿತು.

"ಮುಟ್ಟಬೇಡಿ!" ಎಂದು ಕಾವಲಿನ ಹೆಂಗಸು ಓಡಿಬಂದಳು.

ನನ್ನನ್ನು ಕರೆತಂದಿದ್ದ ಮಂಗಳೂರಿನ ಸಿಂಥಿಯಾ ಆಂಟಿಗೆ ನಗು ತಡೆಯಲಾಗಲಿಲ್ಲ. "ಕಾಲಿಗೆ ಬೀಳ್ಲಿಕ್ಕೆ ಅದೇನು ನಿನ್ನ ಅತ್ತೆಯಾ ಮಾರಾಯ್ತಿ?"

"ಅತ್ತೆ ಅಲ್ಲ ಆಂಟಿ, ನನ್ನ ಮೇಷ್ಟ್ರು. ಇನ್ನೊಂದ್ಸಲ ಕೂತು ಬರೀದೆ ಹೋದ್ರೆ ನಂಗೆ ಸಮಾಧಾನ ಇಲ್ಲ."

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ಮೊದಲನೆಯವಳು ನಾನು. ಅಲ್ಲಿಗೆ ನನ್ನನ್ನು ಹತ್ತಿಸಿದ ಮೆಟ್ಟಿಲೇ ಈ ಪಾದ. ಇದನ್ನು ಕಾವಲಿನ ಹೆಂಗಸಿಗೆ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದೆ.

"ಇಲ್ಲಿ ಕೂತು ಬರೆಯೋಕೆ ಶಾಲೆಯವರಿಗೆ ಮಾತ್ರ ಅವಕಾಶ," ಎಂದಳು.

"ನಾನು ಇದೇ ಶಾಲೆಯವಳು. ಕಟ್ಟಡ ಬೇರೆ, ಅಷ್ಟೇ."

ಅವಳು ನನ್ನನ್ನೇ ನೋಡಿ ಒಳಗೆ ಹೋದಳು. ಬರುವಾಗ ಕೈಗೊಂದರಂತೆ ಎರಡು ಸ್ಟೂಲು, ಕಂಕುಳಲ್ಲಿ ಕಾಗದ, ಇದ್ದಿಲ ಕಡ್ಡಿ.

"ಹಿಮ್ಮಡಿ ನೀವು ತೋರಿಸಿಕೊಡಿ," ಎನ್ನುತ್ತ ಪಕ್ಕದಲ್ಲೇ ಕುಳಿತಳು. "ಇಲ್ಲೇ ಕಲಿತರೂ ನನಗೆ ಅದೊಂದು ಬರಲೇ ಇಲ್ಲ."